ಆಟಕ್ಕೆ ಕೂಗಿದ ದನಿ

ಭಾನುವಾರ ಮಧ್ಯಾಹ್ನ ಎರಡೂಕಾಲಿಗೆ ಠಾಣೆಯ ಫೋನ್ ಬಡಿದುಕೊಂಡಿತು. ಮಹಿಳಾ ಕಾನ್‌ಸ್ಟೇಬಲ್ ಎತ್ತಿಕೊಂಡಳು. ಆ ಕಡೆ ಒಬ್ಬ ಮುದುಕ ಏದುಸಿರು ಬಿಡುತ್ತಿದ್ದ.

"ಹೀರೋ ಸಾರ್ ಆಫೀಸಿಗೆ ಬೆಂಕಿ ಬಿದ್ದಿದೆ, ಬೇಗ ಬನ್ನಿ."

"ಯಾವ ಹೀರೋ? ವಿಳಾಸ ಹೇಳಿ."

"ಹೀರೋ ಸಾರ್ ಅಂದ್ರೆ ಹೀರೋ ಸಾರ್ ಅಮ್ಮಾ!"

ಅವಳಿಗೆ ತಲೆಬುಡ ತಿಳಿಯಲಿಲ್ಲ. ಪಕ್ಕದಲ್ಲಿದ್ದ ಹೆಡ್ ಕಾನ್‌ಸ್ಟೇಬಲ್‌ಗೆ ತಿಳಿಯಿತು. ಠಾಣೆಯವರೆಲ್ಲ ಅವನನ್ನು ರೇಡಿಯೊ ಎಂದು ಕರೆಯುತ್ತಿದ್ದರು. ಬೆಳಿಗ್ಗೆ ಶುರುವಾದರೆ ನಿಲ್ಲುತ್ತಿರಲಿಲ್ಲ, ಅದರಲ್ಲೂ ಸಿನಿಮಾ ವಿಷಯ ಬಂದರೆ ಕೇಳುವುದೇ ಬೇಡ. ಅವನು ಟೋಪಿ ತೆಗೆದುಕೊಂಡು ಎದ್ದು ಇನ್ಸ್‌ಪೆಕ್ಟರ್ ಮೇಜಿನ ಹತ್ತಿರ ಹೋದ. "ಟೆಲಿಫೋನ್ ಕಚೇರಿ ಹಿಂದಿನ ಬೀದಿ ಸಾರ್, ಹಸಿರು ಗೇಟು. ಒಂದು ಕಾಲದಲ್ಲಿ ನಾನೇ ಅಲ್ಲಿ ನಿಂತು ಜನರನ್ನ ತಡೆದಿದೀನಿ."

ಜೀಪಿನಲ್ಲಿ ಹೋಗುವಾಗ ಇನ್ಸ್‌ಪೆಕ್ಟರ್‌ಗೆ ಅರ್ಧ ಕತೆ ಗೊತ್ತಾಯಿತು. ಹೀರೋ ಸಾರ್‌ಗೆ ಈಗ ಐವತ್ತೆಂಟು ದಾಟಿದೆ. ಮೊದಲ ಸಿನಿಮಾದಲ್ಲಿ ಅವರದು ಹೆಣದ ಪಾತ್ರ. ನಾಲ್ಕು ಜನ ಹೊತ್ತುಕೊಂಡು ಹೋಗುತ್ತಾರೆ, ಅಷ್ಟೇ. ಆಮೇಲೆ ಖಳನಾಯಕನ ಹಿಂದೆ ಕೈಕಟ್ಟಿ ನಿಲ್ಲುವ ಗುಂಪಿನಲ್ಲಿ ಆರು ವರ್ಷ. ಒಂದು ದಿನ ಯಾವುದೋ ಚಿತ್ರದಲ್ಲಿ ನಾಯಕನ ತಮ್ಮನಾಗಿ ಅಣ್ಣನ ಕಾಲು ಹಿಡಿದು ಅತ್ತರು. ಥಿಯೇಟರಿನಲ್ಲಿ ಸದ್ದೇ ಇಲ್ಲ. ಅಲ್ಲಿಂದ ಹನ್ನೆರಡು ವರ್ಷ ಅವರೇ ನಾಯಕ.

"ಗ್ಲಿಸರಿನ್ ಮುಟ್ಟಿದವರಲ್ಲ ಸಾರ್. ಆಕ್ಷನ್ ಅಂದ್ರೆ ಸಾಕು, ಕಣ್ಣಲ್ಲಿ ನೀರು. ಅಪ್ಪ ಸತ್ತ ಮಾರನೇ ದಿನ ಸೆಟ್ಟಿಗೆ ಬಂದು, ಅದೇ ಅಳು ಇಟ್ಟುಕೊಂಡು ಕ್ಲೈಮ್ಯಾಕ್ಸ್ ಮುಗಿಸಿಕೊಟ್ರಂತೆ. ಪೇಪರಲ್ಲಿ ಬಂದಿತ್ತು."

"ಆಮೇಲೆ?"

"ವಯಸ್ಸಾಯ್ತು, ಕೂದಲು ಹೋಯ್ತು. ತಾವೇ ನಿರ್ದೇಶನ ಮಾಡಿದ್ರು, ಮೊದಲನೇದು ಭರ್ಜರಿ ಓಡ್ತು. ತಾವೇ ನಿರ್ಮಾಪಕರೂ ಆದ್ರು. ಅದಾದ್ಮೇಲೆ ಮೂರು ಸಿನಿಮಾ ಮಕಾಡೆ. ಈಗ ತಮ್ಮ ಬದುಕನ್ನೇ ಸಿನಿಮಾ ಮಾಡ್ತಿದಾರೆ. ಅದೇ ಕೊನೇ ಆಸೆ ಅಂತ ಮಾತು."

ಹಸಿರು ಗೇಟಿನ ಮುಂದೆ ಅಗ್ನಿಶಾಮಕ ದಳದ ಎರಡು ಗಾಡಿ ನಿಂತಿದ್ದವು. ಮೂರು ಮಹಡಿಯ ಹಳೆಯ ಕಟ್ಟಡ. ಕೆಳಗೆ ವಾಹನ ನಿಲ್ಲಿಸುವ ಜಾಗ, ನಡುವೆ ಕಚೇರಿ, ಮೇಲೆ ಎಡಿಟಿಂಗ್ ಕೋಣೆ. ಮೇಲಿನ ಕಿಟಕಿಗಳಿಂದ ಬಂದ ಹೊಗೆ ಗೋಡೆಗೆ ಕಪ್ಪು ನಾಲಿಗೆಗಳನ್ನು ಎಳೆದಿತ್ತು. ಬೆಂಕಿ ಆರಿ, ಒಳಗೆ ಕಾಲಿಡುವಂತಾಗುವ ಹೊತ್ತಿಗೆ ಮೂರೂವರೆ. ಅಗ್ನಿಶಾಮಕದ ಅಧಿಕಾರಿ ಇಳಿದು ಬಂದು ತಗ್ಗಿದ ದನಿಯಲ್ಲಿ ಹೇಳಿದ: "ಒಬ್ಬರಿದ್ದಾರೆ."

ಮೇಲೆ ಎರಡು ಕೋಣೆ. ಹೊರಕೋಣೆಯಲ್ಲಿ ಸಿನಿಮಾ ಜೋಡಿಸುವ ಯಂತ್ರಗಳು. ಅದರ ಒಳಗೆ, ದಪ್ಪ ಬಾಗಿಲಿನ ಹಿಂದೆ, ಧ್ವನಿಯ ಕೆಲಸ ಮಾಡುವ ಚಿಕ್ಕ ಕೋಣೆ. ಅದಕ್ಕೆ ಕಿಟಕಿ ಇರಲಿಲ್ಲ. ಅಲ್ಲಿ ಕುರ್ಚಿಯ ಪಕ್ಕ ನೆಲದ ಮೇಲೆ ಚಿತ್ರದ ಸಂಕಲನಕಾರರು ಬಿದ್ದಿದ್ದರು. ಉದ್ಯಮದಲ್ಲಿ ಎಲ್ಲರಿಗೂ ಮೇಷ್ಟ್ರು. ಮೂವತ್ತು ವರ್ಷದಲ್ಲಿ ಕತ್ತರಿ ಹಿಡಿಯಲು ಕಲಿತವರಲ್ಲಿ ಅರ್ಧ ಜನ ಅವರ ಶಿಷ್ಯರು. ಮೈ ಸುಟ್ಟಿರಲಿಲ್ಲ. ಕೊರಳಲ್ಲಿ ಹೆಡ್‌ಫೋನ್ ಇತ್ತು. ಒಂದು ಕೈ ಬಾಗಿಲ ಕಡೆ ಚಾಚಿಕೊಂಡಿತ್ತು.

ಪಂಚನಾಮೆ ಶುರುವಾಯಿತು. ರೇಡಿಯೊ ಬರೆದುಕೊಂಡ, ಇಬ್ಬರು ನೆರೆಯವರು ಪಂಚರಾಗಿ ನಿಂತರು. ಹೊರಕೋಣೆಯ ನಡುವೆ ತಗಡಿನ ಕಸದ ಡಬ್ಬಿ. ಅದರೊಳಗೆ ಕರಗಿ ಒಂದಕ್ಕೊಂದು ಅಂಟಿಕೊಂಡ ಹಾರ್ಡ್‌ಡಿಸ್ಕ್‌ಗಳು. ಪಕ್ಕದಲ್ಲಿ ಸುಟ್ಟ ಪರದೆ. ಶಬ್ದ ಹೀರಿಕೊಳ್ಳಲೆಂದು ಗೋಡೆ ತುಂಬ ಬಡಿದಿದ್ದ ಸ್ಪಂಜು ಟಾರಿನಂತೆ ಕರಗಿ ಇಳಿದಿತ್ತು. ಒಳಕೋಣೆಯ ಮೇಜಿನ ಮೇಲೆ ಒಂದು ಹಳೇ ಟೇಪ್ ರೆಕಾರ್ಡರ್, ಅದರಲ್ಲಿ ಕಾವಿಗೆ ಸೊಟ್ಟಗಾದ ಕ್ಯಾಸೆಟ್.

"ಈ ಕಾಲದಲ್ಲಿ ಕ್ಯಾಸೆಟ್ ಯಾರು ಹಾಕ್ತಾರೆ?" ಇನ್ಸ್‌ಪೆಕ್ಟರ್ ಬಗ್ಗಿ ನೋಡಿದ.

ಮಹಡಿಯ ಬಾಗಿಲು ಮುಚ್ಚಿದರೆ ತಾನೇ ಬೀಗ ಬೀಳುವಂಥದ್ದು; ಬೀಗ ಮುರಿದಿರಲಿಲ್ಲ. ಗೇಟಿನ ಮೇಲೆ ಕ್ಯಾಮೆರಾ ಇತ್ತು. ಇನ್ಸ್‌ಪೆಕ್ಟರ್ ಕಾವಲುಗಾರನನ್ನು ಕರೆದು ಅದರ ದೃಶ್ಯ ಬೇಕು ಎಂದ. ಫೋನ್ ಮಾಡಿದ್ದ ಮುದುಕ ಅವನೇ.

"ಅದು ಸೆಟ್ಟಿಂದ ತಂದಿದ್ದು ಸಾರ್. ಬ್ಯಾಂಕ್ ದರೋಡೆ ಸೀನಿಗೆ ಮಾಡಿಸಿದ್ರು. ಒಳಗೇನೂ ಇಲ್ಲ, ಬರೀ ಡಬ್ಬ."

"ಮಧ್ಯಾಹ್ನ ಯಾರು ಬಂದಿದ್ರು?"

"ಹೊರಗಿನವರು ಯಾರೂ ಬರ್ಲಿಲ್ಲ ಸಾರ್. ನಾನು ಎದುರುಗಡೆ ಊಟಕ್ಕೆ ಹೋಗಿದ್ದೆ, ಬರೋ ಹೊತ್ತಿಗೆ ಹೊಗೆ."

ಹೀರೋ ಸಾರ್, ಅಂದರೆ ಈಗಿನ ನಿರ್ದೇಶಕ, ಬಂದಾಗ ಸಂಜೆ ನಾಲ್ಕಾಗಿತ್ತು. ಪ್ರಚಾರದ ಫೋಟೊಗಳಿಗೆ ಜಾಗ ನೋಡಲು ಪಕ್ಕದೂರಿಗೆ ಹೋಗಿದ್ದನಂತೆ. ಜೊತೆಗೆ ಛಾಯಾಗ್ರಾಹಕನೂ ಚಾಲಕನೂ ಇದ್ದರು. ಎತ್ತರದ ಆಳು, ಬೋಳುತಲೆ, ಈಗಲೂ ದನಿ ಎತ್ತಿದರೆ ಬೀದಿಯ ಕೊನೆಗೆ ಕೇಳಬೇಕು. ಅವನು ಮೆಟ್ಟಿಲು ಹತ್ತಿ ನೇರ ಕಸದ ಡಬ್ಬಿಯ ಹತ್ತಿರ ಹೋಗಿ ಮಂಡಿಯೂರಿದ. ಒಳಕೋಣೆಯಿಂದ ಮೇಷ್ಟ್ರನ್ನು ಹೊರಗೆ ತರುತ್ತಿದ್ದರು. ಸ್ಟ್ರೆಚರ್ ಅವನ ಬೆನ್ನಿಗೆ ತಾಗಿಕೊಂಡೇ ಹೋಯಿತು. ಅವನು ತಿರುಗಲಿಲ್ಲ.

ಠಾಣೆಯಲ್ಲಿ ಕೂತು ದೂರು ಬರೆದುಕೊಟ್ಟ. ಎರಡು ಪುಟ. ಇನ್ಸ್‌ಪೆಕ್ಟರ್ ಓದಿ ಕಾಗದವನ್ನು ಮತ್ತೆ ಅವನ ಕಡೆ ತಳ್ಳಿದ.

"ಸತ್ತವರ ವಿಷಯ ಬರೀಲೇ ಇಲ್ಲವಲ್ಲ?"

ನಿರ್ದೇಶಕ ಒಂದು ಕ್ಷಣ ದಿಕ್ಕು ತೋಚದವನಂತೆ ನೋಡಿದ. ಆಮೇಲೆ ಕೆಳಗೆ ಇನ್ನೆರಡು ಸಾಲು ಸೇರಿಸಿದ. "ನನ್ನ ಎರಡು ವರ್ಷ ಸುಟ್ಟರು ಸಾರ್. ನನ್ನ ಬದುಕೇ ಅದರಲ್ಲಿತ್ತು."

"ಯಾರ ಮೇಲೆ ಅನುಮಾನ?"

ಅವನು ತಡಮಾಡದೆ ಹೇಳಿದ. ಹನ್ನೆರಡು ದಿನ ಚಿತ್ರೀಕರಣ ಮಾಡಿಸಿ ತಾನು ಕೈಬಿಟ್ಟಿದ್ದ ಒಬ್ಬ ಯುವನಟ. ಸೆಟ್ಟಿನಲ್ಲಿ ಎಲ್ಲರೆದುರು 'ನಿನ್ನ ಸಿನಿಮಾ ಬೆಂಕಿ ಬಿದ್ದು ಹೋಗ್ಲಿ' ಎಂದು ಕೂಗಿ ಹೋಗಿದ್ದ. ಬೀಗದ ಕೈ ಎಷ್ಟಿವೆ ಎಂದು ಕೇಳಿದಾಗ, ತನ್ನದೊಂದು, ಮೇಷ್ಟ್ರದೊಂದು, ಮನೆಯ ಗೋಡೆಯಲ್ಲಿ ನೇತುಹಾಕಿದ್ದು ಒಂದು, ಅದನ್ನು ಯಾರೂ ಮುಟ್ಟುವುದಿಲ್ಲ ಎಂದ. ಸಂಜೆ ಆರಕ್ಕೆ ಎಫ್ಐಆರ್ ದಾಖಲಾಯಿತು.

ಸೋಮವಾರ ಯುವನಟನನ್ನು ಕರೆಸಿದರು. ಭಾನುವಾರ ಮಧ್ಯಾಹ್ನ ಅವನು ಚಪ್ಪಲಿ ಅಂಗಡಿಯೊಂದರ ಉದ್ಘಾಟನೆಯಲ್ಲಿದ್ದ. ಒಂದರಿಂದ ಮೂರರವರೆಗೆ ಜನ ಮುಗಿಬಿದ್ದು ಅವನ ಜೊತೆ ಫೋಟೊ ತೆಗೆಸಿಕೊಂಡಿದ್ದರು.

"ಬೈದಿದ್ದು ನಿಜ," ಎಂದ ಅವನು. "ಯಾಕೆ ಬೈದೆ ಅಂತ ಹೇಳಿದ್ರಾ?"

"ನೀನೇ ಹೇಳು."

"ತಾಯಿ ಸಾಯೋ ಸೀನು. ನನಗೆ ಅಳು ಬರ್ಲಿಲ್ಲ. ನಿಮ್ಮಮ್ಮ ಸತ್ತಾಗ ಹೆಂಗಾಯ್ತು ನೆನಪು ಮಾಡ್ಕೋ ಅಂದ್ರು. ನಮ್ಮಮ್ಮ ಬದುಕಿದಾರೆ ಸಾರ್ ಅಂದೆ. ಹಾಗಾದ್ರೆ ನಿನ್ನಿಂದ ಏನು ಪ್ರಯೋಜನ ಅಂದ್ರು."

ರೇಡಿಯೊಗೆ ನಗು ಬಂತು. ಇನ್ಸ್‌ಪೆಕ್ಟರ್ ನಗಲಿಲ್ಲ.

ಅದೇ ದಿನ ಮರಣೋತ್ತರ ಪರೀಕ್ಷೆಯ ವರದಿ ಬಂತು: ಹೊಗೆಯಿಂದ ಉಸಿರುಕಟ್ಟಿ ಸಾವು. ಪ್ರಯೋಗಾಲಯದವರು ಡಬ್ಬಿಯಲ್ಲಿದ್ದದ್ದು ಬಣ್ಣಕ್ಕೆ ಬೆರೆಸುವ ಥಿನ್ನರ್ ಎಂದರು. ಇನ್ಸ್‌ಪೆಕ್ಟರ್ ವರದಿ ಮಡಚಿಟ್ಟ.

"ಕಂಪ್ಯೂಟರ್ ಗೊತ್ತಿರೋನು ಆಗಿದ್ರೆ ಕೂತು ಅಳಿಸಿ ಹೋಗ್ತಿದ್ದ. ಇವರು ಸೌದೆ ಸುಟ್ಟ ಹಾಗೆ ಸುಟ್ಟಿದಾರೆ. ಯಂತ್ರ ಮುಟ್ಟಿಲ್ಲ, ಇನ್ನೇನೂ ಕದ್ದಿಲ್ಲ. ಸಿನಿಮಾ ಒಂದೇ ಬೇಕಾಗಿತ್ತು."

"ಒಳಗೆ ಮೇಷ್ಟ್ರಿದ್ದದ್ದು ಗೊತ್ತಿತ್ತಾ ಸಾರ್?"

"ಅದನ್ನೇ ತಿಳ್ಕೋಬೇಕು."

ಮಂಗಳವಾರ ಬೆಳಿಗ್ಗೆ ಇಬ್ಬರೂ ಮೇಷ್ಟ್ರ ಮನೆಗೆ ಹೋದರು. ಎರಡು ಕೋಣೆಯ ಬಾಡಿಗೆ ಮನೆ. ಮುಂದಿನ ಕೋಣೆಯಲ್ಲಿ ಮೇಷ್ಟ್ರ ಹೆಂಡತಿ ಗೋಡೆಗೆ ಒರಗಿ ಕೂತಿದ್ದರು. ಅಡುಗೆಮನೆಯಲ್ಲಿ ಐವತ್ತರ ಆಸುಪಾಸಿನ ಹೆಂಗಸೊಬ್ಬರು ಪಾತ್ರೆ ತೊಳೆಯುತ್ತಿದ್ದರು. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ತಲೆ ಎತ್ತದೆ. ರೇಡಿಯೊ ನೋಡಿದವನೇ ಇನ್ಸ್‌ಪೆಕ್ಟರ್ ಕಿವಿಯ ಹತ್ತಿರ ಬಂದ. "ಹೀರೋ ಸಾರ್ ಮನೆಯವರು. ಎರಡು ಸಿನಿಮಾದಲ್ಲಿ ನಾಯಕಿ ಆಗಿದ್ರು. ಮದುವೆ ಆದ್ಮೇಲೆ ಬಿಟ್ರು."

"ನಿನ್ನೆಯಿಂದ ಇಲ್ಲೇ ಇದಾಳೆ," ಎಂದರು ಮೇಷ್ಟ್ರ ಹೆಂಡತಿ. "ಅವರನ್ನ ಸ್ವಂತ ಅಣ್ಣನ ಹಾಗೆ ನೋಡ್ತಿದ್ಲು. ನನಗೆ ತುತ್ತು ಮಾಡಿ ತಿನ್ನಿಸ್ತಾಳೆ, ತಾನು ಒಂದಗುಳು ಮುಟ್ಟಲ್ಲ."

"ಭಾನುವಾರ ಅವರು ಕೆಲಸಕ್ಕೆ ಹೋಗ್ತಿದ್ರಾ ಅಮ್ಮಾ?"

"ಯಾವತ್ತೂ ಇಲ್ಲ. ಭಾನುವಾರ ಮನೇಲಿ ಬಿದ್ಕೊಂಡಿರೋರು. ಮೊನ್ನೆ ಇವಳ ಗಂಡನೇ ಫೋನ್ ಮಾಡಿ ಸೋಮವಾರದೊಳಗೆ ಆ ಕೆಲಸ ಆಗ್ಲೇಬೇಕು ಅಂದ. ಹಾಳು ಸ್ಕೂಟರ್ ಗ್ಯಾರೇಜಲ್ಲಿತ್ತು. ಬೇಡ ಅಂದೆ, ಬಸ್ಸಲ್ಲಿ ಹೋದ್ರು."

"ಯಾವ ಕೆಲಸ?"

"ಅದೇನೋ ಮಗು ದನಿ. ಅದನ್ನ ಮಾಡೋಕೆ ಇವರಿಗೆ ಮನಸ್ಸೇ ಇರ್ಲಿಲ್ಲ. ಮೂರು ದಿನ ಊಟ ಬಿಟ್ಟಿದ್ರು."

ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು. ಸ್ವಲ್ಪ ಹೊತ್ತಾದ ಮೇಲೆ ನಲ್ಲಿ ಬಿಟ್ಟ ಶಬ್ದ ಬಂತು.

ಬುಧವಾರ ಮೇಷ್ಟ್ರ ಸಹಾಯಕಿಯನ್ನು ಕಂಡರು. ಇಪ್ಪತ್ತಾರರ ಹುಡುಗಿ, ಅತ್ತು ಅತ್ತು ಮುಖ ಊದಿತ್ತು. ಕ್ಯಾಸೆಟ್ ಬಗ್ಗೆ ಕೇಳಿದಾಗ ಬೇರೆ ಕಡೆ ನೋಡಿದಳು.

"ಅದು ಹೀರೋ ಸಾರ್ ಮಗಂದು. ಹತ್ತೊಂಬತ್ತು ವರ್ಷದ ಹಿಂದೆ ತೀರ್ಕೊಂಡ, ಮೆದುಳು ಜ್ವರ. ಏಳು ವರ್ಷ ಅಂತೆ. ಸಿನಿಮಾದಲ್ಲಿ ಆ ಸೀನಿದೆ. ಆಸ್ಪತ್ರೆ, ಮಂಚ, ಎಲ್ಲ. ಮಗುವಿನ ಪಾತ್ರದ ಹುಡುಗನ ದನಿ ಸಾರ್‌ಗೆ ಹಿಡಿಸ್ಲಿಲ್ಲ. ಒಂದಿನ ಮನೆಯಿಂದ ಈ ಕ್ಯಾಸೆಟ್ ತಂದ್ರು. ಮಗನ ದನೀನೇ ಹಾಕಿ ಅಂದ್ರು."

"ಮೇಷ್ಟ್ರು ಏನಂದ್ರು?"

"ಬೇಡಪ್ಪಾ ಅಂದ್ರು. ಜಗಳ ಆಯ್ತು. ಕೊನೆಗೆ ಮೇಷ್ಟ್ರೇ ಸೋತ್ರು, ಯಾವಾಗ್ಲೂ ಹಾಗೇ."

"ಮಗುವಿನ ತಾಯಿಗೆ ಗೊತ್ತಿತ್ತಾ?"

ಹುಡುಗಿ ದುಪಟ್ಟಾದ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. ಆಮೇಲೆ ಹೇಳಿದಳು. ಎರಡು ವಾರದ ಹಿಂದೆ ಒಂದು ಮಧ್ಯಾಹ್ನ ಒಳಕೋಣೆಯಲ್ಲಿ ಆ ದನಿ ಸರಿಮಾಡುತ್ತಿದ್ದರು. ಸೆಖೆಯೆಂದು ಬಾಗಿಲು ತೆರೆದಿಟ್ಟಿದ್ದರು. ಅವಳು ನೀರಿಗೆಂದು ಹೊರಗೆ ಬಂದರೆ ಮೆಟ್ಟಿಲ ತುದಿಯಲ್ಲಿ ಅಮ್ಮಾವ್ರು ನಿಂತಿದ್ದರು. ಗಂಡ ಮರೆತುಹೋಗಿದ್ದ ಕನ್ನಡಕ ಕೊಡಲು ಬಂದವರು. ಗೋಡೆ ಹಿಡಿದುಕೊಂಡಿದ್ದರು.

"ನನ್ನ ನೋಡಿ, 'ಒಳಗೆ ಯಾರಿದಾರೆ?' ಅಂತ ಕೇಳಿದ್ರು ಸಾರ್."

ಅಲ್ಲಿಂದ ಇಬ್ಬರೂ ಧ್ವನಿಮಿಶ್ರಣದ ಸ್ಟುಡಿಯೊಗೆ ಹೋದರು. ಚಿತ್ರದ ಎಲ್ಲ ದನಿಗಳನ್ನೂ ಕೊನೆಗೆ ಒಟ್ಟು ಸೇರಿಸುವ ಜಾಗ ಅದು. ಕಳೆದುಹೋದದ್ದು ಏನೆಂದು ತಿಳಿಯಬೇಕು ಎಂದು ಇನ್ಸ್‌ಪೆಕ್ಟರ್ ಹೇಳಿದಾಗ ಅಲ್ಲಿನ ಇಂಜಿನಿಯರ್ ಹುಬ್ಬು ಗಂಟಿಕ್ಕಿದ.

"ಕಳೆದುಹೋಗಿಲ್ವಲ್ಲ ಸಾರ್. ಶುಕ್ರವಾರ ಮೇಷ್ಟ್ರೇ ಪೂರ್ತಿ ಪ್ರತಿ ತಂದುಕೊಟ್ಟಿದ್ರು, ಮಗು ದನಿ ಇನ್ನೊಂಚೂರು ತಿದ್ದೋದಿದೆ ಅಂದಿದ್ರು. ಸೋಮವಾರ ಬೆಳಿಗ್ಗೆಯೇ ಹೀರೋ ಸಾರ್‌ಗೆ ಫೋನ್ ಮಾಡಿ ಹೇಳಿದೆ."

"ಅವರು ಏನಂದ್ರು?"

"ಖುಷಿಪಟ್ರು, ಅತ್ತೇಬಿಟ್ರು. ಆಮೇಲೆ, ಸದ್ಯಕ್ಕೆ ಯಾರಿಗೂ ಹೇಳಬೇಡ ಅಂದ್ರು. ಪೇಪರಲ್ಲಿ ಬೆಂಕಿ ಸುದ್ದಿ ಬಂದಿದೆಯಲ್ಲ, ಇನ್ನೊಂದು ವಾರ ಬರ್ತಾ ಇರಲಿ ಅಂತ."

ಇನ್ಸ್‌ಪೆಕ್ಟರ್ ಆಸ್ಪತ್ರೆಯ ದೃಶ್ಯ ಕೇಳಿಸಲು ಹೇಳಿದ. ಕತ್ತಲೆ ಕೋಣೆ. ದನಿ ಮೊದಲು ಎಡಗಡೆಯಿಂದ ಬಂತು, ಆಮೇಲೆ ಎಲ್ಲ ಕಡೆಯಿಂದ. ಮಗುವೊಂದು ದೂರದಿಂದ, ಎಳೆದೆಳೆದು, "ಅಮ್ಮಾ... ಎಲ್ಲಿದೀಯಾ..." ಎಂದು ಕರೆಯುತ್ತಿತ್ತು. ಆರಂಭ ಸರಿಯಾಗಿ ಸಿಗಲಿಲ್ಲವೆಂದು ಇಂಜಿನಿಯರ್ ಹಿಂದಕ್ಕೆ ಎಳೆದು ಮತ್ತೆ ಹಾಕಿದ. ಮತ್ತೆ ಹಿಂದಕ್ಕೆ. ಮಗು ಮತ್ತೆ ಕರೆಯಿತು.

"ಸಾಕು ನಿಲ್ಸಿ," ಎಂದ ಇನ್ಸ್‌ಪೆಕ್ಟರ್.

"ನಮ್ಮ ಕೆಲಸವೇ ಹೀಗೆ ಸಾರ್. ಸರಿಯಾಗೋವರೆಗೂ ಅದೇ ತುಂಡನ್ನ ಹಾಕ್ತಾನೇ ಇರ್ತೀವಿ. ಆಮೇಲೆ ಅದು ದನಿ ಅಂತಲೇ ಅನ್ನಿಸಲ್ಲ."

ಗುರುವಾರ ಬೆಳಿಗ್ಗೆ ಹತ್ತಕ್ಕೆ ಕಾವಲುಗಾರನನ್ನು ಮತ್ತೆ ಕೂರಿಸಿಕೊಂಡರು. ಇನ್ಸ್‌ಪೆಕ್ಟರ್ ಅವನಿಗೆ ಟೀ ತರಿಸಿದ.

"ಯಜಮಾನ್ರೇ, ಅವತ್ತು ಹೊರಗಿನವರು ಯಾರೂ ಬರ್ಲಿಲ್ಲ ಅಂದ್ರಿ."

"ಹೌದು ಸಾರ್."

"ಮನೆಯವರು ಯಾರು ಬಂದಿದ್ರು?"

ಮುದುಕ ಲೋಟ ಕೆಳಗಿಟ್ಟ. "ನಾನು ಹೊರಗಿನವರು ಅಂತಲೇ ಅಂದಿದ್ದು ಸಾರ್," ಎಂದ. "ಅಮ್ಮಾವ್ರು ಹೊರಗಿನವರಾ?"

"ಎಷ್ಟು ಹೊತ್ತಿಗೆ ಬಂದ್ರು?"

"ನಾನು ಊಟಕ್ಕೆ ಹೊರಟಾಗ. ಒಂದೂವರೆ ಇರ್ಬೇಕು. ಕೈಯಲ್ಲಿ ಬಟ್ಟೆ ಚೀಲ. ಮೇಲೆ ಯಾರಾದ್ರೂ ಇದಾರಾ ಅಂದ್ರು. ಸ್ಕೂಟರ್ ಇಲ್ಲವಲ್ಲ, ಯಾರೂ ಇಲ್ಲ ಅಮ್ಮಾ ಅಂದೆ. ಮೇಷ್ಟ್ರು ಬೆಳಿಗ್ಗೆ ನಡ್ಕೊಂಡು ಬಂದು ಮೇಲೆ ಹೋಗಿದ್ದನ್ನ ನಾನು ನೋಡ್ಲಿಲ್ಲ ಸಾರ್. ನಾನು ಪೈಪ್ ಹಿಡ್ಕೊಂಡು ಹಿಂದುಗಡೆ ತೊಳೀತಿದ್ದೆ. ನೋಡಿದ್ರೆ ಹೇಳ್ತಿದ್ದೆ. ಯಾರೂ ಇಲ್ಲ ಅಂತ ನಾನೇ ಹೇಳಿದ್ದು ಸಾರ್, ನಾನೇ."

ಅವನನ್ನು ಸಮಾಧಾನ ಮಾಡಲು ರೇಡಿಯೊ ಪಕ್ಕದಲ್ಲಿ ಕೂತ.

ನಿರ್ದೇಶಕನ ಮನೆಗೆ ಹೋಗುವಾಗ ಮಹಿಳಾ ಕಾನ್‌ಸ್ಟೇಬಲನ್ನೂ ಜೊತೆಗೆ ಕರೆದುಕೊಂಡರು. ಗಂಡ ಮನೆಯಲ್ಲಿರಲಿಲ್ಲ. ಕಿಟಕಿಯ ಸರಳುಗಳಿಗೆ ಹೊಸದಾಗಿ ಬಣ್ಣ ಬಳಿದಿತ್ತು. ಹಿಂಬಾಗಿಲ ಹತ್ತಿರ ಬಣ್ಣದ ಡಬ್ಬಗಳು, ಕುಂಚಗಳು, ಅರ್ಧ ಖಾಲಿಯಾದ ಥಿನ್ನರ್ ಕ್ಯಾನ್. ಅಮ್ಮಾವ್ರು ಅವರನ್ನು ಒಳಗೆ ಕರೆದು ಕೂರಿಸಿದರು. ತಾವು ಊಟದ ಮೇಜಿನ ಕುರ್ಚಿ ಎಳೆದುಕೊಂಡು ಎದುರಿಗೆ ಕೂತರು. ಬಲಗೈಯ ಮಣಿಕಟ್ಟಿನ ಮೇಲೆ ಸುಟ್ಟ ಗಾಯ ಒಣಗುತ್ತಿತ್ತು.

"ಭಾನುವಾರ ಆಫೀಸಿಗೆ ಹೋಗಿದ್ರಾ ಅಮ್ಮಾ?"

"ಹೋಗಿದ್ದೆ."

"ನಮಗೆ ಹೇಳ್ಲಿಲ್ಲ."

"ನೀವು ಕೇಳ್ಲಿಲ್ಲ. ಕೇಳಿದ ದಿನ ಹೇಳೋಣ ಅಂತಿದ್ದೆ. ಅತ್ತಿಗೆ ಒಬ್ಬರೇ ಆಗ್ಬಿಟ್ಟಿದ್ರು. ಅವರ ತಂಗಿ ನಿನ್ನೆ ಬಂದ್ರು. ಇನ್ನು ಪರವಾಗಿಲ್ಲ."

ಇನ್ಸ್‌ಪೆಕ್ಟರ್ ಒಂದೊಂದಾಗಿ ಕೇಳಿದ. ಆಕೆ ಒಂದೊಂದಾಗಿ ಹೇಳಿದರು, ಯಾವುದನ್ನೂ ಮುಚ್ಚಲಿಲ್ಲ. ಗೋಡೆಯ ಬೀಗದ ಕೈ ತೆಗೆದುಕೊಂಡದ್ದು, ಬಾಟಲಿಗೆ ಥಿನ್ನರ್ ತುಂಬಿಸಿದ್ದು, ಮೇಜಿನ ಮೇಲಿದ್ದ ಪೆಟ್ಟಿಗೆಗಳನ್ನೆಲ್ಲ ಕಸದ ಡಬ್ಬಿಗೆ ಹಾಕಿದ್ದು. ಸಿನಿಮಾ ಈಗ ಆ ಪೆಟ್ಟಿಗೆಗಳಲ್ಲಿರುತ್ತದೆಂದು ಗಂಡನೇ ಒಮ್ಮೆ ತೋರಿಸಿದ್ದ. ಒಳಕೋಣೆಯ ಬಾಗಿಲು ಮುಚ್ಚಿತ್ತು, ಸದ್ದಿರಲಿಲ್ಲ. ಕಡ್ಡಿ ಗೀರಿದೊಡನೆ ಜ್ವಾಲೆ ಪರದೆಗೆ ನೆಗೆಯಿತು, ಪರದೆಯಿಂದ ಗೋಡೆಗೆ. ಆರಿಸಲು ಹೋಗಿ ಕೈ ಸುಟ್ಟಿತು. ಕಣ್ಣು ಬಿಡಲಾಗದಷ್ಟು ಹೊಗೆ. ಓಡಿ ಇಳಿದು ಹಿಂದಿನ ಸಂದಿಯಿಂದ ಹೊರಟುಬಿಟ್ಟರು. ಮನೆಗೆ ಬಂದು ಕೈಯನ್ನು ನೀರಲ್ಲಿಟ್ಟುಕೊಂಡು ಕೂತಿದ್ದಾಗ, ನಾಲ್ಕರ ಮೇಲೆ, ಗಂಡನ ಫೋನ್ ಬಂತು. ಮೇಷ್ಟ್ರು ಒಳಗಿದ್ದರು ಎಂದು ಆಗ ತಿಳಿಯಿತು.

"ಅಣ್ಣ ಬಾಗಿಲು ಬಡಿದಿರ್ತಾರೆ ಅಲ್ವಾ?" ಆಕೆ ಮೊದಲ ಸಲ ಪ್ರಶ್ನೆ ಕೇಳಿದರು.

ಇನ್ಸ್‌ಪೆಕ್ಟರ್ ಪುಸ್ತಕದ ಹಾಳೆ ತಿರುವಿದ.

"ಆ ದನಿ ಹಾಕೋದು ಬೇಡ ಅಂತ ಗಂಡನಿಗೆ ಹೇಳಿದ್ರಾ?"

"ಕಾಲು ಹಿಡಿದೆ. ನಿನಗೊಬ್ಬಳಿಗೇ ಇದ್ದ ಮಗ ಇನ್ಮೇಲೆ ಎಲ್ಲರಿಗೂ ಇರ್ತಾನೆ ಅಂದ್ರು. ಅಣ್ಣನ ಹತ್ರನೂ ಹೋಗಿ ಕೇಳ್ಕೊಂಡೆ. ಕತ್ತರಿ ನನ್ನ ಕೈಲಿದೆ ತಂಗಿ, ಮಾತು ಅವನ ಕೈಲಿದೆ ಅಂದ್ರು." ಆಕೆ ಸ್ವಲ್ಪ ಹೊತ್ತು ಮೇಜಿನ ಮೇಲಿನ ಬಟ್ಟೆಯ ಸುಕ್ಕು ಸರಿಮಾಡಿದರು. "ಸಿನಿಮಾದಲ್ಲಿ ಆ ದನಿ ಹೇಗಿತ್ತು ಅಂತ ನಿಮಗೆ ಯಾರಾದ್ರೂ ಹೇಳಿದ್ರಾ?"

"ಹೇಳಿದ್ರು."

"ಅದು ಹಾಗಿರ್ಲಿಲ್ಲ. ಕಣ್ಣಾಮುಚ್ಚಾಲೆ ಆಡ್ತಾ ಕೂಗಿದ್ದು ಅದು. ಟೇಪ್ ರೆಕಾರ್ಡರ್ ಕಂಕುಳಲ್ಲಿ ಇಟ್ಕೊಂಡು ಮನೆಯೆಲ್ಲ ಓಡಾಡ್ತಿದ್ದ. ನಾನು ಅಡುಗೆಮನೆ ಬಾಗಿಲ ಹಿಂದೆ ಬಚ್ಚಿಟ್ಕೊಂಡಿದ್ದೆ. ಅಮ್ಮಾ ಎಲ್ಲಿದೀಯಾ, ಸಿಕ್ಬಿಡು ಅಂತಾನೆ. ಆಮೇಲೆ ನನ್ನ ಸೆರಗು ಕಾಣ್ಸುತ್ತೆ, ನಗ್ತಾನೆ. ಆ ನಗುವನ್ನ ಕತ್ತರಿಸಿ ಬಿಸಾಕಿದ್ರು. ದನೀನ ನಿಧಾನ ಮಾಡಿದ್ರು. ಸಾಯ್ತಿರೋ ಮಗು ಬಾಯಿಗೆ ಹಾಕಿದ್ರು. ಅವನು ಸಾಯುವಾಗ ನನ್ನ ಕರೀಲೇ ಇಲ್ಲ ಸಾರ್. ಮೂರು ದಿನ ಪ್ರಜ್ಞೆ ಇರ್ಲಿಲ್ಲ. ಇವರಿಗೆ ಗೊತ್ತಿಲ್ಲ, ಇವರು ಶೂಟಿಂಗಲ್ಲಿದ್ರು. ಹತ್ತೊಂಬತ್ತು ವರ್ಷ ನಾನು ಆ ಕ್ಯಾಸೆಟ್ ಹಾಕಿಲ್ಲ, ಸವೆದುಹೋಗುತ್ತೆ ಅಂತ. ಅವತ್ತು ಮೆಟ್ಟಿಲ ಹತ್ರ ನಿಂತಾಗ, ಕರೀತಾನೇ ಇದ್ದ. ನಿಲ್ಲಿಸೋರು, ಮತ್ತೆ ಕರೆಸೋರು. ನಿಲ್ಲಿಸೋರು, ಮತ್ತೆ ಕರೆಸೋರು. ನಾನು ಎಲ್ಲಿಗೆ ಅಂತ ಹೋಗ್ಲಿ?"

ಮಹಿಳಾ ಕಾನ್‌ಸ್ಟೇಬಲ್ ಕಿಟಕಿಯ ಕಡೆ ತಿರುಗಿ ನಿಂತಳು.

"ಅಣ್ಣನ್ನ ಕೊಂದೆ. ಅದಕ್ಕೆ ಏನು ಶಿಕ್ಷೆ ಕೊಟ್ಟರೂ ಸರಿ," ಎಂದರು ಆಕೆ. "ಒಂದು ಹೇಳಿ. ಎಲ್ಲ ಸುಟ್ಟುಹೋಯ್ತು ತಾನೇ? ಇನ್ನು ಯಾರೂ ಅವನನ್ನ ಕರೆಸಲ್ಲ ಅಲ್ವಾ?"

ಇನ್ಸ್‌ಪೆಕ್ಟರ್‌ಗೆ ಇಪ್ಪತ್ತೆರಡು ವರ್ಷದ ನೌಕರಿಯಲ್ಲಿ ಸುಳ್ಳು ಹೇಳುವುದು ಕಷ್ಟವಾಗಿರಲಿಲ್ಲ; ಕಳ್ಳರ ಬಾಯಿ ಬಿಡಿಸಲು ಬೇಕಾದಷ್ಟು ಹೇಳಿದ್ದ. ಆದರೆ ಇದು ನಾಳೆ ಕೋರ್ಟಿನಲ್ಲಿ, ವಕೀಲನೊಬ್ಬನ ಬಾಯಿಂದ, ತುಂಬಿದ ಸಭೆಯೆದುರು ಆಕೆಗೆ ತಿಳಿಯುವುದಿತ್ತು.

"ಇಲ್ಲಮ್ಮ. ಇನ್ನೊಂದು ಪ್ರತಿ ಸ್ಟುಡಿಯೊದಲ್ಲಿದೆ."

"ಯಾರು ಕೊಟ್ಟಿದ್ದು?"

"ಮೇಷ್ಟ್ರು. ಶುಕ್ರವಾರ."

ಆಕೆ ತಲೆಯಾಡಿಸಿದರು. ಎದ್ದು ಹೋಗಿ ಗ್ಯಾಸ್ ಆರಿಸಿದರು, ಹಿಂಬಾಗಿಲ ಚಿಲಕ ಹಾಕಿದರು, ಚಪ್ಪಲಿ ಮೆಟ್ಟಿಕೊಂಡು ಜಗಲಿಯಲ್ಲಿ ಕಾದು ನಿಂತರು. ಮಧ್ಯಾಹ್ನ ಹನ್ನೆರಡೂವರೆಗೆ ಬಂಧನದ ಮೆಮೊಗೆ ಸಹಿಯಾಯಿತು.

ನಿರ್ದೇಶಕ ಠಾಣೆಗೆ ಬಂದಾಗ ಸಂಜೆಯಾಗಿತ್ತು. ಹೆಂಡತಿಯನ್ನು ಆ ಹೊತ್ತಿಗೆ ನ್ಯಾಯಾಧೀಶರ ಮುಂದೆ ಹಾಜರುಪಡಿಸಿ ಜೈಲಿಗೆ ಕಳಿಸಿದ್ದರು. ಇನ್ಸ್‌ಪೆಕ್ಟರ್ ನಡೆದದ್ದನ್ನು ಹೇಳಿದ. ಅವನು ಕುರ್ಚಿಯಲ್ಲಿ ಕುಸಿದು ಅತ್ತ. ನಟನೆಯಲ್ಲ, ಹೆಗಲು ಅದುರುತ್ತಿತ್ತು, ಮೂಗು ಸೋರುತ್ತಿತ್ತು. ರೇಡಿಯೊ ನೀರು ತಂದುಕೊಟ್ಟ.

"ಪ್ರತಿ ಇರೋ ವಿಷಯ ಸೋಮವಾರವೇ ನಿಮ್ಮ ಮನೆಯವರಿಗೆ ಹೇಳಬಹುದಿತ್ತು," ಎಂದ ಇನ್ಸ್‌ಪೆಕ್ಟರ್.

"ಹೇಳಬೇಕಿತ್ತು."

"ಈಗಲಾದ್ರೂ ಆ ದನಿ ತೆಗೆದುಬಿಡಿ. ಇದು ಪೊಲೀಸ್ ಆಗಿ ಹೇಳ್ತಿರೋದಲ್ಲ."

ನಿರ್ದೇಶಕ ಮುಖ ಎತ್ತಿದ. ಕಣ್ಣು ಕೆಂಪಗಿತ್ತು. "ನನಗ್ಯಾರೂ ಈಗ ಪಾತ್ರ ಕೊಡಲ್ಲ ಸಾರ್. ಹೀರೋ ಸಾರ್ ಅಂತಾರೆ, ಕುರ್ಚಿ ಕೊಡ್ತಾರೆ, ಅಷ್ಟೇ. ಮೂರು ಸಿನಿಮಾ ಬಿತ್ತು. ಈ ಸಿನಿಮಾದಲ್ಲಿ ಜೀವ ಅಂತ ಇರೋದು ಆ ಒಂದು ನಿಮಿಷ. ಅದನ್ನ ತೆಗೆದ್ರೆ ನಾನು ಯಾರು?"

"ನಿಮ್ಮ ಮಗ ನಗ್ತಿದ್ನಂತೆ."

"ನಗು ಅಲ್ಲಿಗೆ ಹೊಂದಲ್ಲ," ಎಂದ ಅವನು, ಕೆಲಸದ ಮಾತಿಗೆ ಬಂದವನಂತೆ.

ಅವನು ಕರವಸ್ತ್ರದಿಂದ ಮುಖ ಒರೆಸಿಕೊಂಡ. ಕುರ್ಚಿಯನ್ನು ಒಂದು ಗೇಣು ಮುಂದಕ್ಕೆ ಎಳೆದುಕೊಂಡ.

"ಎಲ್ಲಾನೂ ಹೇಳುವಾಗ ಅವಳು ಅತ್ತಳಾ ಸಾರ್?"

"ಇಲ್ಲ."

"ಕೈ ಎಲ್ಲಿಟ್ಕೊಂಡಿದ್ಲು?"

ಇನ್ಸ್‌ಪೆಕ್ಟರ್‌ಗೆ ಪ್ರಶ್ನೆ ಅರ್ಥವಾಗಲು ಕ್ಷಣ ಬೇಕಾಯಿತು. ಅರ್ಥವಾದ ಮೇಲೆ ಅವನು ಎದ್ದು ನಿಂತು ಬಾಗಿಲು ತೋರಿಸಿದ.

ಚಿತ್ರ ಎರಡು ತಿಂಗಳಲ್ಲಿ ಬಿಡುಗಡೆಯಾಯಿತು. ಮೊದಲಿಗೆ ಮೇಷ್ಟ್ರ ಫೋಟೊ ಹಾಕಿ 'ಅರ್ಪಣೆ' ಎಂದು ಬರೆದಿದ್ದರು. ಜನ ಹೋದರು, ಆಸ್ಪತ್ರೆಯ ದೃಶ್ಯದಲ್ಲಿ ಅತ್ತರು, ಪತ್ರಿಕೆಗಳು ಅವನು ಮತ್ತೆ ಎದ್ದು ಬಂದ ಎಂದವು. ಆ ದೃಶ್ಯದ ತುಣುಕು ಫೋನಿಂದ ಫೋನಿಗೆ ಹೋಯಿತು. ಬಸ್ಸಿನಲ್ಲಿ, ಹೋಟೆಲಿನಲ್ಲಿ, ಔಷಧಿ ಅಂಗಡಿಯ ಮುಂದೆ, ಯಾರದೋ ಜೇಬಿನಿಂದ ಆ ಮಗು ಕರೆಯುತ್ತಿತ್ತು.

ದೋಷಾರೋಪ ಪಟ್ಟಿಯಲ್ಲಿ ಕೃತ್ಯಕ್ಕೆ ಕಾರಣ ಬರೆಯುವ ಜಾಗದಲ್ಲಿ ಇನ್ಸ್‌ಪೆಕ್ಟರ್ ಮೂರು ಸಾಲು ಬರೆದಿದ್ದ. ಸರ್ಕಾರಿ ವಕೀಲರು ಇದು ನಿಲ್ಲುವುದಿಲ್ಲವೆಂದು ಹೊಡೆದುಹಾಕಿ 'ಕೌಟುಂಬಿಕ ವೈಮನಸ್ಸು' ಎಂದು ಮಾಡಿಸಿದರು. ಅದರ ಪ್ರತಿ ಕೊಡಲು ಮಹಿಳಾ ಕಾನ್‌ಸ್ಟೇಬಲ್ ಜೈಲಿಗೆ ಹೋದಳು. ಅಮ್ಮಾವ್ರು ತುಂಬಾ ಇಳಿದುಹೋಗಿದ್ದರು. ಓದದೆಯೇ ಸಹಿ ಹಾಕಿದರು.

ವಯಸ್ಸು, ಹಿಂದಿನ ನಡತೆ ಎಲ್ಲ ನೋಡಿದರೆ ಜಾಮೀನು ಸಿಗುವ ಸಾಧ್ಯತೆ ಇತ್ತು. ವಕೀಲರು ಎರಡು ಸಲ ಬಂದು ಹೋಗಿದ್ದರು. ಆಕೆ ಅರ್ಜಿಗೆ ಒಪ್ಪಿರಲಿಲ್ಲ.

"ಯಾಕಮ್ಮಾ?" ಎಂದು ಕಾನ್‌ಸ್ಟೇಬಲ್ ಕೇಳಿದಳು. "ನಾಲ್ಕು ದಿನ ಹೊರಗಿರಬಹುದಲ್ಲ."

"ಇಲ್ಲಿ ಒಳಗೆ ಫೋನ್ ಬಿಡಲ್ಲ," ಎಂದರು ಅಮ್ಮಾವ್ರು. "ಇಲ್ಲಿ ಕೇಳ್ಸಲ್ಲ."